ಎಪ್ಪತ್ತಮೂರನೆಯ ಗೂಟ

"ಮೇಡಂ, ಚಾಪೆ ಎತ್ಲಾ?" ಕಾನ್‌ಸ್ಟೆಬಲ್ ಪಾಲಯ್ಯ ಮೂರನೆಯ ಸಲ ಕೇಳಿದ.

ಸಬ್ ಇನ್‌ಸ್ಪೆಕ್ಟರ್ ಯಮುನಾ ಚಾಪೆಯನ್ನೇ ನೋಡುತ್ತಿದ್ದಳು. ತಾಳ್ಯದ ಮೈದಾನದ ಮೂಲೆಯಲ್ಲಿ, ಸುಣ್ಣದ ಗೆರೆಯಿಂದ ಎರಡು ಹೆಜ್ಜೆ ಆಚೆ, ಹುಲ್ಲಿನ ಮೇಲೆ ಆ ಚಾಪೆ ಹಾಸಿತ್ತು. ನಮ್ಮ ಕಡೆಯ ಈಚಲು ಚಾಪೆಯಲ್ಲ. ಕೇದಗೆಯಂಥ ಎಲೆಯಲ್ಲಿ ಹೆಣೆದು ಅಂಚಿಗೆ ಕೆಂಪು ಹಾಕಿದ್ದು. ವನುವಾಟು ದ್ವೀಪದೇಶದಿಂದ ಆಡಲು ಬಂದ ಹೆಣ್ಣುಮಕ್ಕಳು, ಗೆದ್ದ ತಂಡಕ್ಕೆ ಉಡುಗೊರೆ ಕೊಡಲೆಂದು ಸಮುದ್ರ ದಾಟಿಸಿ ತಂದದ್ದು. ನಿನ್ನೆ ಸಂಜೆ ಅದನ್ನು ಇಲ್ಲಿ ಹಾಸಿ, ಬಸ್ಸು ಹತ್ತಿ ಹೊಸದುರ್ಗದ ತಮ್ಮ ಬಿಡಾರಕ್ಕೆ ಹೋಗಿದ್ದರು.

ಅವರ ಪೈಕಿ ಲೇಮಾರಾ ಕಾಲ್ಸೌ, ಇಪ್ಪತ್ತನಾಲ್ಕು ವರ್ಷದವಳು, ನಿನ್ನೆ ನಾಲ್ಕೂ ನಲವತ್ತಕ್ಕೆ ಮೂರು ಸಾವಿರ ಜನರ ಕಣ್ಣೆದುರು ಈ ಜಾಗದಲ್ಲಿ ಬಿದ್ದಳು. ಏಳಲಿಲ್ಲ.

ಜನ ಮೊದಲು ಚಪ್ಪಾಳೆ ಹೊಡೆದರು. ರಗ್ಬಿ ಲೀಗ್ ಎಂದರೆ ಹಿಡಿದು ಬೀಳಿಸುವ ಆಟ. ಕಬಡ್ಡಿ ನೋಡಿ ಬೆಳೆದ ಊರುಗಳಿಗೆ ಅದು ಒಂದೇ ದಿನದಲ್ಲಿ ಅರ್ಥವಾಗಿಬಿಟ್ಟಿತ್ತು. ತಡವಾಗಿ ನಿಂತ ಆ ಚಪ್ಪಾಳೆ, ಬಂದೋಬಸ್ತಿಗೆ ಬಂದಿದ್ದ ಯಮುನಾಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

"ಎತ್ತು. ಮಡಿಸಬ್ಯಾಡ, ಸುತ್ತಿಡು."

ಚಾಪೆಯ ಕೆಳಗೆ ಗೇಣುದ್ದದ ಗುಳಿ. ಅದರಿಂದ ಕಿತ್ತ ಗೂಟ ಈಗ ಯಮುನಾಳ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿತ್ತು. ಜಾಲಿ ಮರದ ಗೂಟ. ತುದಿ ಸುಟ್ಟು ಕಪ್ಪಾಗಿದೆ. ತಲೆಯಿಂದ ನಾಲ್ಕು ಬೆರಳು ಕೆಳಗೆ ಹಗ್ಗ ಕೂರಲು ಒಂದು ಕಚ್ಚು. ತಲೆ ಮಾತ್ರ ನೆಲದಿಂದ ಒಂದು ಬೆರಳಿನಷ್ಟು ಮೇಲಕ್ಕಿತ್ತು, ಹುಲ್ಲಿನಲ್ಲಿ ಕಾಣದಷ್ಟು. ಓಡಿಬಂದ ರಭಸಕ್ಕೆ ಲೇಮಾರಾಳ ಕಪಾಲ ಸರಿಯಾಗಿ ಅದಕ್ಕೇ ಬಡಿದಿತ್ತು.

"ಇಲ್ಲಿ ಗೂಟ ಹೆಂಗ್ ಬಂತು, ದುರ್ಗೇಶ್?"

ಮೈದಾನ ನೋಡಿಕೊಳ್ಳುವ ದುರ್ಗೇಶ್ ಸನಿಕೆ ಊರಿಕೊಂಡು ನಿಂತಿದ್ದ. ಕಣ್ಣು ಕೆಂಪಾಗಿದ್ದವು. "ಕುರಿ ಗೂಟ ಮೇಡಂ. ಏಪ್ರಿಲ್‌ನಾಗೆ ಜುಂಜಯ್ಯನ ಮಂದೇನ ಹನ್ನೊಂದು ದಿನ ಇಲ್ಲಿ ತರುಬ್ಸಿದ್ವಿ, ಗೊಬ್ಬರಕ್ಕೆ. ಸುತ್ತ ಬಲೆ ಕಟ್ಟಾಕೆ ಗೂಟ ಹೊಡೀತಾರಲ್ಲ, ಒಂದು ಉಳ್ಕಂಡೈತೆ."

"ನಿಮಗ್ಯಾರಿಗೂ ಕಾಣಲಿಲ್ಲ."

"ಹುಲ್ಲು ಹಂಗೆ ಬಂದಿತ್ತು ಮೇಡಂ. ಹೊರದೇಶದಿಂದ ಮೈದಾನ ನೋಡಾಕೆ ಬಂದ ಸಾಹೇಬ್ರು ಬಗ್ಗಿ ಮುಟ್ಟಿ ನೋಡಿ, ಇದಕ್ಕೆ ಏನ್ ಹಾಕ್ತೀರಿ ಅಂದ್ರು. ಕುರಿ ಅಂದೆ. ಯಾವ ಕಂಪನಿದು ಅಂದ್ರು."

ಪಾಲಯ್ಯ ನಗಲು ಹೋಗಿ, ಸುತ್ತಿದ ಚಾಪೆ ತನ್ನ ಕೈಯಲ್ಲಿರುವುದು ನೆನಪಾಗಿ ಸುಮ್ಮನಾದ.

ಯಮುನಾ ಗುಳಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ಗೂಟದ ತಲೆಯ ಸುತ್ತ ಕುರಿ ಹಿಕ್ಕೆ ತುಂಬಿತ್ತು ಎಂದು ನಿನ್ನೆಯ ಪಂಚನಾಮೆಯಲ್ಲಿ ಬರೆದಿದ್ದರು. ಅದರಲ್ಲೊಂದಿಷ್ಟು ಅಂಚಿಗೆ ಚೆಲ್ಲಿತ್ತು. ಎರಡು ಬೆರಳಲ್ಲಿ ಎತ್ತಿ ನೋಡಿದಳು. ಕಾಳು ಕಾಳು. ಒಣಗಿದ್ದು, ಒಂದೂ ಒಡೆದಿಲ್ಲ.

ಅವಳು ಐಮಂಗಲದವಳು. ಮನೆಯ ಹಿತ್ತಲಲ್ಲಿ ಕುರಿ ನೋಡಿಕೊಂಡೇ ಓದಿದವಳು. ಏಪ್ರಿಲ್‌ನ ಹಿಕ್ಕೆ ಒಂದು ಮುಂಗಾರು, ಒಂದು ಹಿಂಗಾರು ಕಳೆದ ಮೇಲೆ ಕಾಳಾಗಿ ಉಳಿಯುವುದಿಲ್ಲ. ಮೊನ್ನೆ ಸೋಮವಾರವೂ ಇಲ್ಲಿ ಮಳೆ ಬಿದ್ದಿದೆ. ಇದು ಸೋಮವಾರದಿಂದ ಈಚೆಗೆ ತುಂಬಿದ್ದು.

ಫೋನು ಬಂತು. ಚಿತ್ರದುರ್ಗದಿಂದ ಡಿವೈಎಸ್‌ಪಿ ಕಿರಣ್‌ಕುಮಾರ್.

"ನೋಡಮ್ಮ ಯಮುನಾ, ಕುರಿಯವನ ಹೇಳಿಕೆ ಆಯ್ತಾ?"

"ಸರ್, ಇದು ಉಳಿದುಹೋದ ಗೂಟ ಅಲ್ಲ ಅನ್ಸುತ್ತೆ."

"ನಾಲ್ಕು ಗಂಟೆಗೆ ಭಾರತ, ಘಾನಾ ಆಟ ಐತೆ. ನಾಳಿದ್ದು ಎಲ್ಲರ ವಿಮಾನ. ಸತ್ತ ಹುಡುಗಿಯ ತಂಡದವರೇ ಆಟ ನಿಲ್ಲಿಸಬೇಡಿ ಅಂತಿದಾರೆ. ಅಂತರರಾಷ್ಟ್ರೀಯ ಮಂಡಳಿಯವರು ಕೇಳ್ತಿರೋದು ಒಂದೇ ಕಾಗದ: ಅಜಾಗರೂಕತೆಯಿಂದ ಆದ ಅಪಘಾತ. ನಾಲ್ಕರೊಳಗೆ ಮುದುಕನ್ನ ಕರ್ಕೊಂಡು ಬಾ."

"ಅಜಾಗರೂಕತೆ ಅಂದ್ರೂ ಜೈಲೇ ಸರ್. ಎಪ್ಪತ್ತರ ಮೇಲಿನ ಮುದುಕ."

"ಅದಕ್ಕೇ ಹೇಳ್ತಿರೋದು. ಕೊಲೆ ಅಂತ ಬರೆದ್ರೆ ಇನ್ನೂ ಕಷ್ಟ, ಅವನಿಗೂ, ಎಲ್ಲರಿಗೂ."

ಸಮಯ ಹನ್ನೊಂದೂ ಕಾಲು.

*

ಜುಂಜಯ್ಯನ ಹಟ್ಟಿ ಮೈದಾನದಿಂದ ಎರಡು ಕಿಲೋಮೀಟರ್. ಕಳ್ಳೆ ಮುಳ್ಳಿನ ಬೇಲಿಯ ಹೊರಗೇ, ಹಟ್ಟಿಯ ಕಟ್ಟಳೆಯಂತೆ, ಯಮುನಾ ಬೂಟು ಬಿಚ್ಚಿಟ್ಟಳು. ಅದನ್ನು ನೋಡಿ ಅಂಗಳದಲ್ಲಿದ್ದ ಮುದುಕಿಯ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು.

"ಬರ್ರಿ ತಾಯಿ, ಕುಂತ್ಕಳ್ರಿ," ಎಂದಳು ಓಬವ್ವ, ಜುಂಜಯ್ಯನ ಹೆಂಡತಿ.

ಜುಂಜಯ್ಯ ಇವರು ಬರುವುದನ್ನು ಕಾದೇ ಇದ್ದ. ಅಂಗಳದ ತುಂಬ ಗೂಟಗಳನ್ನು ಸಾಲಾಗಿ ಜೋಡಿಸಿದ್ದ. ಸಾಲಿಗೆ ಹನ್ನೆರಡು, ಆರು ಸಾಲು.

"ಎಣಿಸ್ರಿ," ಎಂದ. "ಎಪ್ಪತ್ತೆಲ್ಡು. ನಮ್ಮಪ್ಪನ ಕಾಲದಿಂದ ಎಪ್ಪತ್ತೆಲ್ಡೇ. ಒಂದು ಮುರಿದ್ರೆ ಅವತ್ತೇ ಇನ್ನೊಂದು ಕೆತ್ತತೀನಿ. ನಂದು ಗೂಟ ಉಳಿಯಾಕೆ ಸಾಧ್ಯನೇ ಇಲ್ಲ."

ಪಾಲಯ್ಯ ಎಣಿಸತೊಡಗಿದ.

"ಮರ್ತಿರಬೋದಲ್ಲ ಅಜ್ಜ, ಒಂದು."

"ಮಂದೆ ಎತ್ತೋವಾಗ ಕುರಿ ಎಣಿಸೋಕ್ ಮುಂಚೆ ಗೂಟ ಎಣಿಸ್ತೀವಿ ತಾಯಿ. ಕುರಿ ತಪ್ಪಿಸ್ಕಂಡ್ರೆ ತಾನೇ ಹುಡಿಕ್ಕಂಡು ಬರ್ತೈತೆ. ಗೂಟ ಉಳ್ಕಂಡ್ರೆ ಇನ್ನೊಬ್ಬನ ಮಂದೆ ಕಾಲು ಮುರೀತೈತೆ." ಮುದುಕ ಎದ್ದು, ಒಂದು ಗೂಟವನ್ನು ಅಂಗಳದ ಮಣ್ಣಿಗೆ ಕಲ್ಲಿನಿಂದ ಹೊಡೆದು, ಕಿತ್ತು ತೋರಿಸಿದ. "ಕಿತ್ತ ಗುಳೀನೂ ಬಾಯಿ ಬಿಟ್ಕಂಡಿರಬಾರ್ದು. ಮೊದ್ಲು ಒಂದು ಹಿಡಿ ಹಿಕ್ಕೆ. ಅದರ ಮ್ಯಾಲೆ ಎಡಗಾಲ ಹಿಮ್ಮಡಿ, ಎಲ್ಡು ಸುತ್ತು. ಆಮೇಲೆ ಮೂರು ಬೆರಳು ಮಣ್ಣು ತಗಂಡು ಹೆಗಲ ಮ್ಯಾಲಿಂದ ಹಿಂದಕ್ಕೆ ಎಸೀಬೇಕು. ಎಸೆದ ಮ್ಯಾಲೆ ತಿರುಗಿ ನೋಡಂಗಿಲ್ಲ."

"ಎಲ್ಲ ಕುರಿಯವರೂ ಹಿಂಗೇ ಮಾಡ್ತಾರಾ?"

"ಯಾರೂ ಮಾಡಲ್ಲ. ನಮ್ಮನೇದು. ನಾನು ಇದನ್ನ ಕಲ್ಸಿರೋದು ಎಲ್ಡೇ ಜನಕ್ಕೆ. ನನ್ನ ಮಗನಿಗೆ, ಮೊಮ್ಮಗಳಿಗೆ."

"ಅದಕ್ಕೇ ನೋಡ್ರಿ," ಓಬವ್ವ ಮಜ್ಜಿಗೆ ಲೋಟ ತಂದಿಡುತ್ತ ಅಂದಳು, "ಹಿಂದಕ್ಕೆ ಎಸಿಯೋ ಆಟ ನಮ್ಮ ಎಡಚಿಗೆ ಸಲೀಸಾತು. ಮುಂದಕ್ಕೆ ಓಡ್ಬೇಕಂತೆ, ಚೆಂಡು ಹಿಂದಕ್ಕೆ ಎಸೀಬೇಕಂತೆ. ಇದ್ಯಾವ ಆಟನೇ ಅಂದ್ರೆ, ನಮ್ಮನೇ ಆಟನೇ ಅಜ್ಜಿ ಅಂತಾಳೆ."

ಎಡಚಿ ಎಂದರೆ ಮೊಮ್ಮಗಳು ಅನುಷಾ. ಈ ಹಟ್ಟಿಯಿಂದ ಹೋಗಿ ಭಾರತ ತಂಡದ ಎಡ ಅಂಚಿನಲ್ಲಿ ಓಡುವವಳು. ನಿನ್ನೆ ಲೇಮಾರಾ ಹಿಡಿಯಲು ಹೋದದ್ದು ಅವಳನ್ನೇ.

ಗೋಡೆಯ ಮೇಲೆ ಒಂದೇ ಫೋಟೊ ಇತ್ತು. ಮೀಸೆ ಈಗಷ್ಟೇ ದಪ್ಪವಾದ ಒಬ್ಬ ಗಂಡಸು, ಹೆಗಲ ಮೇಲೆ ಕುರಿಮರಿ.

"ಅನುಷಾಳ ಅಪ್ಪ?"

"ಕರಿಯಣ್ಣ," ಎಂದಳು ಓಬವ್ವ. "ಹದಿನೆಂಟು ವರ್ಷ ಆತು. ಹಿರಿಯೂರು ಕಡೆ ಮಂದೆ ಹೊಡ್ಕಂಡು ಹೋಗಿದ್ದ. ಹಾವು ಮುಟ್ಟೈತೆ ಅಂದ್ರು. ಜತೆಗೆ ದಾಸ ಅಂತ ಒಬ್ಬ ಸಂಬಳದಾಳು ಇದ್ದ. ಅವನಾದ್ರೂ ಇದ್ದಿದ್ರೆ ಹೆಂಗಾತು ಅಂತ ಹೇಳ್ತಿದ್ದ. ಅವತ್ತೇ ಹೋದೋನು, ಮತ್ತೆ ಯಾರ ಕಣ್ಣಿಗೂ ಬೀಳ್ಲಿಲ್ಲ. ಆಟ ಮುಗಿದ ಮ್ಯಾಲೆ ಅವನನ್ನ ಹುಡುಕೇ ಹುಡುಕ್ತೀನಿ ಅಂತ ಎಡಚಿ ತಂಡದೋರ ಹತ್ರೆಲ್ಲ ಹೇಳ್ಕಂಡು ಓಡಾಡ್ತಾಳೆ."

"ಎಪ್ಪತ್ತೆರಡು ಮೇಡಂ," ಎಂದ ಪಾಲಯ್ಯ. "ಸರಿ ಐತೆ."

ಯಮುನಾ ಚೀಲದಿಂದ ಗೂಟ ತೆಗೆದು ಮುದುಕನ ಕೈಗೆ ಕೊಟ್ಟಳು. "ಹಂಗಾದ್ರೆ ಇದು ಯಾರ್ದು ಅಜ್ಜ?"

ಜುಂಜಯ್ಯ ಅದನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಕಚ್ಚನ್ನು ಸವರಿದ. ಒಂದು ಸಲ, ಮತ್ತೊಂದು ಸಲ. ಅವನ ಕೈ ನಿಂತಿತು. ಓಬವ್ವ ಅವನ ಮುಖ ನೋಡಿ, ತಾನೂ ಬಗ್ಗಿ ಗೂಟ ನೋಡಿ, ಹಾಗೇ ನೆಲಕ್ಕೆ ಕುಳಿತಳು.

"ನಂದೇ," ಎಂದ ಜುಂಜಯ್ಯ.

"ಏನಂದ್ರಿ?"

"ನಂದೇ ಗೂಟ. ಎಪ್ಪತ್ತಮೂರಿದ್ವು. ಒಂದು ಮರ್ತು ಬಂದೀನಿ. ಬರ್ಕಳ್ರಿ. ಎಲ್ಲಿ ಹೆಬ್ಬೆಟ್ಟು ಒತ್ಲಿ ಹೇಳ್ರಿ."

"ಈಗ ತಾನೇ ನಮ್ಮಪ್ಪನ ಕಾಲದಿಂದ ಎಪ್ಪತ್ತೆರಡೇ ಅಂದ್ರಲ್ಲ."

"ಮುದುಕ ತಾಯಿ. ಲೆಕ್ಕ ತಪ್ಪೈತೆ." ಅವನು ಆಗಲೇ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡಿದ್ದ. "ಹೋಗಾಣ ನಡೀರಿ."

ಯಮುನಾ ಸಾಲಿನಿಂದ ಒಂದು ಗೂಟ ಎತ್ತಿ, ಕೊಲೆಯ ಗೂಟದ ಪಕ್ಕ ಹಿಡಿದಳು. ಅದೇ ಮರ, ಅದೇ ಅಳತೆ, ಅದೇ ಸುಟ್ಟ ತುದಿ. ಕಚ್ಚು ಮಾತ್ರ ಬೇರೆ. ಮುದುಕನ ಗೂಟಗಳಲ್ಲಿ ಅದು ಬಲದಿಂದ ಎಡಕ್ಕೆ ಇಳಿದಿತ್ತು. ಇದರಲ್ಲಿ ಎಡದಿಂದ ಬಲಕ್ಕೆ. ಮಚ್ಚನ್ನು ಎಡಗೈಯಲ್ಲಿ ಹಿಡಿದವರು ಕೆತ್ತಿದ್ದು.

ಈ ಮನೆಯಲ್ಲಿ ಎಡಚಿ ಒಬ್ಬಳೇ. ಮುದುಕ ನಿನ್ನೆ ಮೈದಾನದಲ್ಲೇ ಇದ್ದ. ಮೊಮ್ಮಗಳ ಓಟವನ್ನು ಕಣ್ಣಾರೆ ನೋಡಿದ್ದ. ಅವನು ಏನೋ ಕಂಡಿದ್ದಾನೆ.

*

ಮೈದಾನದ ಪಕ್ಕದ ಶಾಲೆಯ ಕೋಣೆಯೊಂದನ್ನು ಭಾರತ ತಂಡಕ್ಕೆ ಬಿಟ್ಟುಕೊಟ್ಟಿದ್ದರು. ಯಮುನಾ ಒಳಗೆ ಹೋದಾಗ ಎರಡೂ ಮುಕ್ಕಾಲು. ಉಳಿದವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು.

ಅನುಷಾ ಬೆಂಚಿನ ಮೇಲೆ ಕುಳಿತು ಬೂಟಿನ ದಾರ ಕಟ್ಟುತ್ತಿದ್ದಳು. ಎಡಗೈ ಚುರುಕಾಗಿ ಓಡುತ್ತಿತ್ತು. ಪಕ್ಕದಲ್ಲಿ ಉಪ್ಪಿಟ್ಟಿನ ತಟ್ಟೆ, ಮುಟ್ಟಿರಲಿಲ್ಲ.

"ತಾತನ್ನ ಜೀಪಿನಾಗೆ ಕೂರ್ಸಿದೀರಂತೆ," ಎಂದಳು, ತಲೆ ಎತ್ತದೆ.

"ಗೂಟ ನಂದೇ ಅಂತ ಒಪ್ಕೊಂಡರು. ನಾಲ್ಕು ಗಂಟೆಗೆ ಕಾಗದ ಆಗತ್ತೆ. ಆಮೇಲೆ ನೀನು ಆಡಬೋದು."

ಅನುಷಾಳ ಕೈ ನಿಂತಿತು.

ಯಮುನಾ ಗೂಟವನ್ನು ತಟ್ಟೆಯ ಪಕ್ಕ ಇಟ್ಟಳು. "ಇದು ನಿನ್ನ ಕೈಕೆಲಸ."

"ಹೌದು."

ಸುಳ್ಳು ಕೇಳಲು ಸಿದ್ಧಳಾಗಿ ಬಂದಿದ್ದ ಯಮುನಾ ಗೂಟವನ್ನು ಮತ್ತೆ ಕೈಗೆತ್ತಿಕೊಂಡಳು.

"ಯಾವಾಗ ಮಾಡಿದ್ದು?"

"ಗೌರಿ ಹಬ್ಬದ ಹಿಂದಿನ ವಾರ. ಮೈದಾನದ ನಾಲ್ಕು ಮೂಲೆಗೂ ಸ್ಪಂಜಿನ ಕಂಬ ನಿಲ್ಲಿಸ್ಬೇಕು ಮೇಡಂ. ಹೊರಗಡೆಯಿಂದ ಸ್ಪಂಜು ಬಂತು, ಅದನ್ನ ನೆಲಕ್ಕೆ ಊರೋ ಮೊಳೆ ಬರ್ಲಿಲ್ಲ. ನಮ್ಮಂಥೋರ ಆಟಕ್ಕೆ ಯಾವಾಗ್ಲೂ ಅರ್ಧ ಸಾಮಾನೇ ಬರೋದು. ದುರ್ಗೇಶಣ್ಣ ತಲೆ ಮ್ಯಾಲೆ ಕೈ ಹೊತ್ಕಂಡಿದ್ದ. ನಾನೇ ನಾಲ್ಕು ಗೂಟ ಕೆತ್ಕೊಟ್ಟೆ. ಆಮೇಲೆ ಮೈದಾನ ನೋಡಾಕೆ ಬಂದೋರು ಮರದ್ದು ಆಗಲ್ಲ, ಯಾರಿಗಾದ್ರೂ ಪೆಟ್ಟಾಗ್ತೈತೆ ಅಂದ್ರು."

ಕೊನೆಯ ಮಾತು ಹೇಳಿ ಅವಳು ತಾನೇ ಬೆಚ್ಚಿದಳು.

"ಕಿತ್ತು ಎಲ್ಲಿಟ್ಟಿರಿ?"

"ಸಾಮಾನಿನ ಕೋಣೇಲಿ. ಎಲ್ಡು ಕೀ ಅವೆ. ಒಂದು ದುರ್ಗೇಶಣ್ಣನ ಹತ್ರ, ಒಂದು ಪ್ರದೀಪ್ ಸರ್ ಹತ್ರ."

ಪ್ರದೀಪ್ ಈ ಪಂದ್ಯಾವಳಿಯ ಸಂಚಾಲಕ, ತಂಡದ ತರಬೇತುದಾರ ಕೂಡ. ಸ್ವಂತಕ್ಕೆ ಒಳ್ಳೆಯ ಮೈದಾನವಿಲ್ಲದ ದೇಶಗಳ ತಂಡಗಳನ್ನು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗಗಳಿಗೆ ಹಂಚಿ, ಐದು ವರ್ಷ ಓಡಾಡಿ ಈ ಆಟವನ್ನು ಇಲ್ಲಿಗೆ ತಂದವನು.

ಯಮುನಾ ಮೊಬೈಲು ತೆಗೆದು ಅವಳ ಮುಂದೆ ಹಿಡಿದಳು. ಯಾರೋ ಪ್ರೇಕ್ಷಕರು ತೆಗೆದ ವಿಡಿಯೊ. ಅನುಷಾ ಎಡ ಅಂಚಿನಲ್ಲಿ ಓಡುತ್ತಿದ್ದಾಳೆ. ಗೆರೆ ದಾಟುತ್ತಾಳೆ. ಇದ್ದಕ್ಕಿದ್ದಂತೆ ಒಳಕ್ಕೆ ವಾಲುತ್ತಾಳೆ.

"ಅಂಕಕ್ಕೆ ನೀನು ಮೂಲೆಗೆ ಹಾರಿ ಚೆಂಡು ನೆಲಕ್ಕೆ ಊರ್ತೀಯ. ಪ್ರತಿ ಸಲ. ಈ ಊರಿಗೆಲ್ಲ ಗೊತ್ತು. ನಿನ್ನೆ ಒಂದೇ ಸಲ ಹಾರಲಿಲ್ಲ. ನಿನ್ನೆಯೇ ಅಲ್ಲಿ ಗೂಟ ಇತ್ತು. ನಿಮ್ಮ ತಾತ ನಿನ್ನೆ ಇದನ್ನೇ ನೋಡಿದಾರೆ. ಅದಕ್ಕೇ ಜೈಲಿಗೆ ಹೋಗಾಕೆ ಟವಲು ಕೊಡವ್ಕೊಂಡು ಬಂದಾರೆ."

"ನಾನೇ ನೆಟ್ಟೆ ಅಂದ್ಕಂಡಾನಾ ತಾತ?"

"ನಾನೂ ಹಾಗೇ ಅಂದುಕೊಂಡು ಬಂದೆ. ಅಲ್ಲ ಅಂತ ಹೇಳು."

ಅನುಷಾ ಕಟ್ಟಿದ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಹೊರಗೆ ಧ್ವನಿವರ್ಧಕದಲ್ಲಿ ಯಾರೋ ಘಾನಾ ತಂಡದವರ ಹೆಸರುಗಳನ್ನು ತಪ್ಪು ತಪ್ಪಾಗಿ ಓದುತ್ತಿದ್ದರು.

"ಹಾರಾಕೇ ಹೋಗಿದ್ದೆ," ಎಂದಳು ಕೊನೆಗೆ. "ಎಡಗಾಲು ಊರಿದೆ. ಬೂಟಿನಡಿ ನೆಲ ಪುಸ್ ಅಂತು. ಹುಲ್ಲು ಹಂಗನ್ನಲ್ಲ ಮೇಡಂ. ಹಿಕ್ಕೆ ತುಂಬಿದ ಗುಳಿ ಹಂಗಂತೈತೆ. ಸಣ್ಣೋಳಿದ್ದಾಗಿಂದ ತುಳಿದೀನಿ. ಅಲ್ಲಿ ಕಾಲಿಡಬ್ಯಾಡ ಅಂತ ತಾತ ಬೈತಿದ್ದ. ನನ್ನ ತಲೆಗೆ ಗೊತ್ತಾಗೋ ಮುಂಚೆ ಕಾಲಿಗೆ ಗೊತ್ತಾತು. ಒಳಕ್ಕೆ ವಾಲಿದೆ. ಆಗ್ಲೇ ಅವಳ ಕೈ ನನ್ನ ಸೊಂಟಕ್ಕೆ ಬಂದಿತ್ತು. ನಾನು ಅಲ್ಲಿರ್ತೀನಿ ಅಂತ ಬಂದಿದ್ಲು. ನಾನಿರ್ಲಿಲ್ಲ."

ಅವಳು ಎಡಗೈಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ನಾನು ಚೆಂಡು ಊರಿದೆ ಮೇಡಂ. ಅಂಕ ಕೊಟ್ರು. ಎದ್ದು ಕುಣಿದೆ. ಜನ ಚಪ್ಪಾಳೆ ಹೊಡೀತಿದ್ರು. ಅವಳು ಬಿದ್ದಿದ್ಲು, ನಾನು ನೋಡ್ಲಿಲ್ಲ. ಕುಣೀತಾನೇ ಇದ್ದೆ."

ಯಮುನಾ ಮೊಬೈಲನ್ನು ಮಗುಚಿಟ್ಟಳು. ಪ್ರತಿ ಸಲ ಅದೇ ಮೂಲೆಗೆ ಹಾರುವವಳು ಅನುಷಾ ಒಬ್ಬಳೇ. ಗೂಟ ಕಾಯುತ್ತಿದ್ದದ್ದು ಲೇಮಾರಾಳನ್ನಲ್ಲ.

"ಅನುಷಾ, ನಾಲ್ಕು ಗೂಟ ಮಾಡಿದೆ ಅಂದೆಯಲ್ಲ. ಉಳಿದ ಮೂರು?"

*

ಸಾಮಾನಿನ ಕೋಣೆಯಲ್ಲಿ ಎರಡೇ ಇದ್ದವು.

ದುರ್ಗೇಶ್ ಬಲೆ, ಬಕೆಟ್ಟು, ಸುಣ್ಣದ ಚೀಲ ಎಲ್ಲ ಎತ್ತಿ ಎಸೆದು ಹುಡುಕಿದ. "ಮೂರಿರಬೇಕಿತ್ತು ಮೇಡಂ. ನಾನು ಎಣಿಸಿಲ್ಲ. ನನ್ನ ತಪ್ಪು."

"ಆಟದ ನಡುವೆ ತಂಡಗಳು ದಿಕ್ಕು ಬದಲಾಯಿಸ್ತಾವಲ್ಲ," ಎಂದಳು ಯಮುನಾ. "ಆಗ ನಿನ್ನ ಮೂಲೆ ಯಾವುದು?"

ಅನುಷಾ ಮೈದಾನದ ಎದುರು ತುದಿಗೆ ಕೈ ತೋರಿಸಿದಳು. ನಿನ್ನೆ ಮೊದಲರ್ಧದಲ್ಲಿ ಅವಳಿಗೆ ಅಲ್ಲಿಯವರೆಗೆ ಹೋಗಲು ಆಗಿರಲಿಲ್ಲ.

ಮೂರೂ ನಲವತ್ತು. ಶಾಮಿಯಾನದ ಕೆಳಗೆ ಮಂಡಳಿಯವರು ಬಂದು ಕುಳಿತಿದ್ದರು. ಗೆರೆಯ ಪಕ್ಕದಲ್ಲೇ ಪೊಲೀಸ್ ಜೀಪು, ಹಿಂದಿನ ಸೀಟಿನಲ್ಲಿ ಜುಂಜಯ್ಯ. ಕಿರಣ್‌ಕುಮಾರ್ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ನಿಂತಿದ್ದರು.

ಅನುಷಾ ಬೂಟು, ಕಾಲುಚೀಲ ಬಿಚ್ಚಿದಳು. ಬರಿಗಾಲಲ್ಲಿ ಗೆರೆ ದಾಟಿ, ಮೂಲೆಯಿಂದ ಸಣ್ಣ ಸಣ್ಣ ಹೆಜ್ಜೆ ಇಟ್ಟು ನಡೆದಳು. ನಾಲ್ಕು ಹೆಜ್ಜೆ, ಐದು. ನೋಡುತ್ತಿದ್ದ ಜನಕ್ಕೆ ಇದು ಪೂಜೆಯೋ ಏನೋ ಅನ್ನಿಸಿ ಗದ್ದಲ ತಾನಾಗಿ ಇಳಿಯಿತು.

ಏಳನೆಯ ಹೆಜ್ಜೆಗೆ ನಿಂತಳು.

"ಇಲ್ಲಿ," ಎಂದಳು.

ದುರ್ಗೇಶ್ ಕೈಯಿಂದಲೇ ಹುಲ್ಲು ಸರಿಸಿದ. ಕಾಳು ಕಾಳು ಹಿಕ್ಕೆ. ಅದನ್ನು ಪಕ್ಕಕ್ಕೆ ಎಳೆದು ಹಾಕಿದ. ಕೆಳಗೆ ಗೂಟದ ತಲೆ. ಯಮುನಾ ಬೇಡ ಅನ್ನುವುದರೊಳಗೆ ಅಲುಗಾಡಿಸಿ ಕಿತ್ತೇಬಿಟ್ಟ. ಎಡದಿಂದ ಬಲಕ್ಕೆ ಇಳಿದ ಕಚ್ಚು.

ಕಿರಣ್‌ಕುಮಾರ್ ನಡೆದು ಬಂದರು. ಗೂಟ ನೋಡಿದರು, ಗುಳಿ ನೋಡಿದರು. ಕೈಯಲ್ಲಿದ್ದ ಕಾಗದವನ್ನು ನಿಧಾನವಾಗಿ ನಾಲ್ಕಾಗಿ ಮಡಿಸಿದರು.

"ಇದು ಅಪಘಾತ ಅಲ್ಲ," ಎಂದರು, ತಮಗೇ ಹೇಳಿಕೊಂಡಂತೆ.

"ಸರ್, ಸರ್, ಒಂದ್ನಿಮಿಷ." ಪ್ರದೀಪ್ ಓಡುತ್ತ ಬಂದ. ನಲವತ್ತರ ಆಸುಪಾಸು, ಒಪ್ಪವಾಗಿ ಕತ್ತರಿಸಿದ ಗಡ್ಡ, ಕಪ್ಪು ಕನ್ನಡಕ, ಕೊರಳಲ್ಲಿ ಸೀಟಿ. "ಗೂಟ ಸಿಕ್ತಲ್ಲ, ತೆಗೆದಾಯ್ತಲ್ಲ. ಇನ್ನೇನು ಅಪಾಯ ಇಲ್ಲ. ಈಗ ನಿಲ್ಲಿಸಿದ್ರೆ ಮುಗೀತು ಸರ್. ದೊಡ್ಡ ದೇಶದಲ್ಲಿ ಇಂಥದ್ದಾದ್ರೆ ದುರಂತ ಅಂತಾರೆ, ಮುಂದಿನ ವರ್ಷ ಮತ್ತೆ ಅಲ್ಲೇ ಆಡ್ತಾರೆ. ನಮ್ಮಲ್ಲಾದ್ರೆ ಇವರಿಗೆ ಯೋಗ್ಯತೆ ಇರಲಿಲ್ಲ ಅಂತಾರೆ. ವನುವಾಟುವಿನ ಹುಡುಗಿಯರು ನಾಳೆ ಅವಳ ಹೆಸರಲ್ಲಿ ಆಡ್ಬೇಕು ಅಂತ ಅಳ್ತಾ ಕೂತಿದಾರೆ. ಅವರ ಪಾಲಿಗಾದ್ರೂ ಬಿಡಿ."

ಅವನ ದನಿ ಒಡೆದಿತ್ತು. ಅದು ನಟನೆ ಅನ್ನಿಸಲಿಲ್ಲ.

"ಪ್ರದೀಪ್ ಸರ್," ಯಮುನಾ ಕೇಳಿದಳು, "ಏಪ್ರಿಲ್‌ನಲ್ಲಿ ಇಲ್ಲಿ ಕುರಿ ತರುಬಿದ್ದಾಗ ನೀವು ಬರ್ತಿದ್ರಾ?"

"ನಾನಾ? ಪೇಟೇಲಿ ಹುಟ್ಟಿದೋನು ಮೇಡಂ. ಕುರಿ ವಾಸನೆಗೇ ತಲೆನೋವು ಬರತ್ತೆ. ಅದೆಲ್ಲ ದುರ್ಗೇಶ್ ನೋಡ್ಕೊಂಡ. ಆ ಹನ್ನೊಂದು ದಿನ ನಾನು ಈ ಕಡೆ ತಲೆನೇ ಹಾಕ್ಲಿಲ್ಲ."

"ಹೌದು ಮೇಡಂ," ಎಂದ ದುರ್ಗೇಶ್.

ಶಾಮಿಯಾನದಿಂದ ಒಬ್ಬರು ಎದ್ದು ಇತ್ತ ನೋಡತೊಡಗಿದರು. ಪ್ರದೀಪ್ ಅದನ್ನು ಕಂಡ. "ಐದು ನಿಮಿಷ ಸರ್, ಗುಳಿ ಮುಚ್ಚಿಬಿಟ್ರೆ ಸಾಕು," ಎನ್ನುತ್ತ ತಾನೇ ಬಗ್ಗಿದ.

ಸಾಕ್ಷ್ಯ ಮುಟ್ಟಬೇಡಿ ಎನ್ನಲು ಯಮುನಾ ಬಾಯಿ ತೆರೆದಳು. ತೆರೆದದ್ದು ಹಾಗೇ ಉಳಿಯಿತು.

ದುರ್ಗೇಶನ ಸನಿಕೆ ಪಕ್ಕದಲ್ಲೇ ಬಿದ್ದಿತ್ತು, ಕಿತ್ತ ಮಣ್ಣೂ ಇತ್ತು. ಪ್ರದೀಪನ ಕಣ್ಣು ಶಾಮಿಯಾನದ ಮೇಲಿತ್ತು. ಕೈ ತನ್ನ ಪಾಡಿಗೆ ತಾನು ಹೋಗಿ ಒಂದು ಹಿಡಿ ಹಿಕ್ಕೆ ತೆಗೆದು ಗುಳಿಗೆ ಸುರಿಯಿತು. ಎದ್ದು ನಿಂತ. ಎಡಗಾಲ ಹಿಮ್ಮಡಿ ಊರಿ ಒಂದು ಸುತ್ತು ತಿರುವಿದ, ಇನ್ನೊಂದು ಸುತ್ತು. ಮತ್ತೆ ಬಗ್ಗಿ ಮೂರು ಬೆರಳಲ್ಲಿ ಮಣ್ಣು ಚಿಟಿಕೆ ಹಿಡಿದು, ಹೆಗಲ ಮೇಲಿನಿಂದ ಹಿಂದಕ್ಕೆ ಎಸೆದ.

"ಆಯ್ತು ನೋಡಿ," ಎಂದು ಕೈ ಒರೆಸಿಕೊಳ್ಳುತ್ತ ಶಾಮಿಯಾನದ ಕಡೆ ಹೊರಟ.

ಬರಿಗಾಲಲ್ಲಿ ನಿಂತಿದ್ದ ಅನುಷಾ ಯಮುನಾಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮೇಡಂ. ಅದು ನಮ್ಮನೇದು."

ಜೀಪಿನ ಬಾಗಿಲು ತೆರೆದ ಸದ್ದಾಯಿತು. ಜುಂಜಯ್ಯ ಇಳಿದು ನಿಂತಿದ್ದ. ಪಾಲಯ್ಯ ತಡೆಯಲು ಹೋದವನು ಮುದುಕನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಮುದುಕನ ಕಣ್ಣು ಗುಳಿಯ ಮೇಲಿತ್ತು. ಆಮೇಲೆ, ದೂರ ಹೋಗುತ್ತಿದ್ದ ಬೆನ್ನಿನ ಮೇಲೆ.

ಅವನು ಜೋರಾಗಿ ಕೂಗಲಿಲ್ಲ. ಸಂಜೆ ಮಂದೆಗೆ ಬರದೆ ಉಳಿದವರನ್ನು ಕರೆಯುವ ಹಾಗೆ, ಅಷ್ಟೇ.

"ಲೇ, ದಾಸ."

ಪ್ರದೀಪ್ ತಿರುಗಿ ನೋಡಿದ.